ಪರದೆಯ ಹಿಂದಿನ ಕೈ

“ಮನೆಗಾ ಸರ್, ಕೆಲಸಕ್ಕಾ?” ಎಂದು ಅಂಗಡಿಯವನು ಕೇಳಿದಾಗ ಗಂಡ ಮೊಬೈಲಿನಿಂದ ತಲೆಯೆತ್ತಲಿಲ್ಲ. “ಮನೆಗೇ. ಕಡಿಮೆ ರೇಟಿಂದು ತೋರಿಸಿ, ಕೈ ಕೊಡಬಾರದು ಅಷ್ಟೆ. ಇವಳು ಮನೇಲಿ ಕೂತು ಏನೋ ಸ್ವಲ್ಪ ಟೈಪ್ ಮಾಡ್ತಾಳೆ.” ಲ್ಯಾಪ್‌ಟಾಪ್ ಹುಡುಕಿಕೊಂಡು ಹೊಕ್ಕ ಮೂರನೇ ಅಂಗಡಿ ಇದು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಅವನು ಹೆಬ್ಬೆರಳಿನಿಂದ ಮೊಬೈಲ್ ಉಜ್ಜುತ್ತಲೇ ಇದ್ದ. ಬ್ಯಾಟರಿ, ವಾರಂಟಿ, ಯಾರೋ ಸಿಟ್ಟಿನಲ್ಲಿ ಕೊಟ್ಟ ಎರಡು ಸ್ಟಾರು.

ಹೆಂಡತಿ ಅಷ್ಟರಲ್ಲಿ ಅಂಗಡಿಯಲ್ಲಿ ತೋರಿಸಲಿಟ್ಟಿದ್ದ ಒಂದು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡತೊಡಗಿದ್ದಳು. ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ ವರದಿಗಳನ್ನು ದಿನವಿಡೀ ಟೈಪ್ ಮಾಡಿಕೊಡುವುದು ಅವಳ ಕೆಲಸ. ಬಲಗೈಯೊಂದೇ ಇಡೀ ಕೀಬೋರ್ಡಿನ ಮೇಲೆ ಓಡಾಡುತ್ತಿತ್ತು. ಎಡಗೈ ಪರದೆಯನ್ನು ಹಿಂದಿನಿಂದ ಹಿಡಿದು ನಿಲ್ಲಿಸಿತ್ತು.

“ಕೈ ಬಿಡಿ ಮೇಡಂ, ಅದು ಬೀಳಲ್ಲ,” ಎಂದು ಅಂಗಡಿಯವನು ನಕ್ಕ.

ಅವಳು ನಾಚಿ ಕೈ ತೆಗೆದಳು. “ಅಯ್ಯೋ, ಅಭ್ಯಾಸ ಆಗ್ಬಿಟ್ಟಿದೆ. ಮನೇಲಿರೋದರ ಕೀಲು ಮುರಿದು ಎರಡು ವರ್ಷ ಆಯ್ತು. ಬಿಟ್ರೆ ಹಿಂದಕ್ಕೆ ಮಲಗಿಬಿಡುತ್ತೆ.”

ಗಂಡನ ಹೆಬ್ಬೆರಳು ನಿಂತಿತು. ಎರಡು ವರ್ಷ ಮನೆಯಲ್ಲಿ ಅವಳು ಟೈಪ್ ಮಾಡುವ ಮೇಜಿನ ಎದುರು ಬದಿಯಲ್ಲೇ ಕೂತು ಅವನು ಊಟ ಮಾಡಿದ್ದ. ಪರದೆಯ ಬೆನ್ನಿಗೆ ಒತ್ತಿಕೊಂಡ ಆ ನಾಲ್ಕು ಬೆರಳುಗಳನ್ನು ದಿನಾ ನೋಡಿದ್ದ. ಅವಳು ಕೂರುವುದೇ ಹಾಗೆ ಅಂದುಕೊಂಡಿದ್ದ.

“ಹಾಗಾದ್ರೆ ಮನೆಗೇ ಅಲ್ವಾ ಸರ್?” ಅಂಗಡಿಯವನು ಕಡಿಮೆ ಬೆಲೆಯದರತ್ತ ಕೈಚಾಚಿದ.

ಗಂಡ ಮೊಬೈಲನ್ನು ಜೇಬಿಗಿಳಿಸಿದ. “ಅವರನ್ನ ಕೇಳಿ. ಕೆಲಸ ಮಾಡೋರು ಅವರು.”