ಚೀನಿ ಅಜ್ಜನಿಗೆ ಲೈಟು ಆಗುವುದಿಲ್ಲ

"ಈ ಊರ ಹೆಂಗಸರು ಏನೋ ಮುಚ್ಚಿಡಾಕತ್ತಾರ," ಎಂದ ಮನೋಹರ, ಜಾಲಿಮುಳ್ಳಿಗೆ ಸಿಕ್ಕ ಧೋತರದ ಚುಂಗು ಬಿಡಿಸಿಕೊಳ್ಳುತ್ತ. "ನೀವು ಬರಕೋರಿ ಅರುಣಾ. ಏಳು ಗೋರಿ. ಹಾಳುಬಿದ್ದಾವು. ಕೇಳವರಿಲ್ಲ."

ಅರುಣಾ 'ಏಳು' ಎಂದಷ್ಟೇ ಬರೆದಳು.

ಬ್ಯಾಡಗಿ ದಾಟಿ ಹಾವೇರಿಯ ಕಡೆಗೆ, ರೈಲುಹಳಿಯ ಪಕ್ಕದಲ್ಲೇ ಆ ಎರಡೆಕರೆ. ನೂರಿಪ್ಪತ್ತು ವರ್ಷಗಳ ಹಿಂದೆ ಹಳಿ ಹಾಸಲು ಬಂದ ಚೀನಿ ಕೂಲಿಗಳು ಜ್ವರ ಬಂದು ಸತ್ತರು, ಅವರನ್ನು ಇಲ್ಲೇ ಹೂಳಿದರು ಎಂದು ಊರಿನ ಮಾತು. ಕಲ್ಲುಗಳ ಮೇಲಿನ ಅಕ್ಷರ ಓದಿದವರು ಯಾರೂ ಇಲ್ಲ. ನಡುವಿನ ದೊಡ್ಡ ಗೋರಿಗೆ ಚೀನಿ ಅಜ್ಜ ಎಂದು ಹೆಸರು. ಗೋರಿಗಳ ಹಿಂದೆ ಆಳೆತ್ತರದ ಜಾಲಿಕಂಟಿ, ದಟ್ಟ ಮುಳ್ಳುಪೊದೆ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮನೋಹರನಿಗೆ ಅಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಬೇಕಿತ್ತು. ಈ ಗೋರಿಗಳಿಗೆ ನಡೆದುಕೊಳ್ಳುವವರು ಯಾರೂ ಇಲ್ಲವೆಂದು ತಾಲೂಕು ಕಚೇರಿಯ ವರದಿ ಹೇಳಿದರೆ ಜಾಗ ಅವನದು. ವರದಿ ಬರೆಯಬೇಕಾದವಳು ಅರುಣಾ. ಬಿ.ಎ. ಮುಗಿಸಿ ಕಚೇರಿಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ, ಇದೇ ಊರಿನ, ಮಾತಾಡುವ ಮೊದಲು ನೆಲ ನೋಡುವ ಹುಡುಗಿ.

ಗಾಳಿ ತಿರುಗಿತು. ಅರುಣಾ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು.

"ನನ್ನ ಅಂಗೀ ಘಾಟು ಅದು," ಎಂದು ಮನೋಹರ ನಕ್ಕ. "ಇಪ್ಪತ್ತು ವರ್ಷ ಮೆಣಸಿನಕಾಯಿ ಚೀಲದ ನಡುವ ಕುಂತೇನಿ. ನನಗೀಗ ಯಾವ ವಾಸನಿನೂ ಬರೂದಿಲ್ಲ."

"ಪುಣ್ಯವಂತರ ಬಿಡ್ರಿ ಸಾವ್ಕಾರ್ರ," ಎಂಬ ದನಿ ಹಿಂದಿನಿಂದ ಬಂತು. ಹೊಳಿಯವ್ವ. ಅವಳ ಬೆನ್ನಿಗೆ ಜೈತೂನಬಿ ಮತ್ತು ಊರಿನ ಇನ್ನೂ ನಾಲ್ಕೈದು ಹೆಂಗಸರು ಸೆರಗು ಬಿಗಿದು ನಿಂತಿದ್ದರು.

ಮನೋಹರ ಗೋರಿ ಮುಟ್ಟಿ ನೋಡಿದ. ಬೆರಳಿಗೆ ಹಸಿ ಸುಣ್ಣ ಹತ್ತಿತು.

"ಇದನ್ನ ಯಾರು ಹಚ್ಚಿದ್ರು?"

"ನಾವ ರೀ. ಅಜ್ಜ ನಮ್ಮ ಮಾನ ಕಾಯ್ತಾನ. ಅಷ್ಟರ ಮಾಡಬ್ಯಾಡೇನ್ರಿ?"

"ಗಂಡಸರು?"

ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಬಾಬಾಜಾನ ದೂರದಲ್ಲೇ ನಿಂತು ಕೆಮ್ಮಿದ. "ಗಂಡಸರು ಈ ಕಡಿ ಹಾಯೂದಿಲ್ರಿ. ಅಜ್ಜ ಸಿಟ್ಟಾಗ್ತಾನ." ಅಷ್ಟು ಹೇಳಿ ಹಳಿಯ ಕಡೆಗೆ ಮುಖ ತಿರುಗಿಸಿದ.

ಮನೋಹರ ದನಿ ಮೆತ್ತಗೆ ಮಾಡಿದ. "ನೋಡ್ರವ್ವಾ, ಕೆರಿ ದಂಡಿಗೆ ಅಜ್ಜಗ ಚಂದಾಗಿ ಒಂದು ಗುಡಿ ಕಟ್ಟಿಸ್ತೇನಿ. ಮಾರ್ಬಲ್ ಕಲ್ಲು, ಸುತ್ತಲೂ ಟ್ಯೂಬ್ ಲೈಟು."

"ಲೈಟು ಅಜ್ಜಗ ಆಗೂದಿಲ್ರಿ," ಎಂದಳು ಹೊಳಿಯವ್ವ.

"ಹಂಗಾರ ಗೋರಿ ಇಲ್ಲೇ ಇರ್ಲಿ. ಬರೇ ಕಂಟಿ ಕಡಸ್ತೇನಿ."

"ಗೋರಿ ಬೇಕಾರ ಸರಸ್ರಿ, ಕಂಟಿ ಮುಟ್ಟಬ್ಯಾಡ್ರಿ!" ಜೈತೂನಬಿಯ ಬಾಯಿಂದ ಮಾತು ಜಾರಿಬಿಟ್ಟಿತು. ಹೊಳಿಯವ್ವ ಅವಳ ತೋಳು ಚಿವುಟಿದಳು.

ಚಿವುಟಿದ್ದು ಮನೋಹರನ ಕಣ್ಣಿಗೆ ಬಿತ್ತು. ಅಂದರೆ ಇರುವುದೆಲ್ಲ ಕಂಟಿಯಲ್ಲಿ. ಪರದೇಶದಿಂದ ಬಂದು ದುಡಿದ ಕೂಲಿಗಳು ಬಂಗಾರ ಹೂತಿಡದೆ ಸತ್ತಿರುತ್ತಾರೆಯೇ?

"ಅಜ್ಜನ ಸೇವಾ ಯಾವಾಗ ಮಾಡ್ತೀರಿ?"

"ನಸಕಿನ್ಯಾಗ ರೀ, ಐದಕ್ಕ. ನಡುವ ರೈಲು ಬಂತಂದ್ರ ಎಲ್ಲಾರೂ ಎದ್ದ ನಿಲ್ತೇವಿ."

"ಯಾಕ?"

"ಅಜ್ಜ ರೈಲ್ವೆದಾಂವ ಅಲ್ಲೇನ್ರಿ? ಮರ್ಯಾದಿ."

ಹಿಂದೆ ಯಾರೋ ಕಿಸಕ್ಕೆಂದರು. ಅರುಣಾ ಇನ್ನಷ್ಟು ತಲೆ ಬಗ್ಗಿಸಿ ಬರೆದಳು.

ಮರುದಿನ ಐದಕ್ಕೆ ಮನೋಹರ ಜೀಪನ್ನು ಗೇಟಿನ ಹತ್ತಿರ ಬಿಟ್ಟು, ಟಾರ್ಚು ಹಿಡಿದು, ಒಬ್ಬನೇ ಹಳಿಗುಂಟ ಬಂದ. ಬಾಬಾಜಾನ ಹಿಂದಿನಿಂದ, "ಬ್ಯಾಡ್ರಿ ಸಾವ್ಕಾರ್ರ, ನನ್ನ ಮಾತು ಕೇಳ್ರಿ," ಎಂದು ಎರಡು ಸಲ ಕೂಗಿದ. ಕಾರಣ ಮಾತ್ರ ಹೇಳಲಿಲ್ಲ.

ಗೋರಿಗಳು ಬೆಳ್ಳಗೆ ಕಂಡವು. ಕಂಟಿಯ ಹಿಂದೆ ಸಣ್ಣ ದನಿಗಳು, ಬಳೆಗಳ ಸಪ್ಪಳ. ಅವನು ಟಾರ್ಚಿನ ಗುಂಡಿ ಒತ್ತಿದ.

ಒಂದೇ ಒಂದು ಚೀರಾಟ. ಆಮೇಲೆ ಕಲ್ಲು. ಹಳಿಗೆ ಹಾಕುವ ಕರಿ ಜಲ್ಲಿಕಲ್ಲು, ಎಲ್ಲಾ ದಿಕ್ಕಿನಿಂದ. ಮೊದಲನೆಯದು ಟಾರ್ಚಿಗೇ ಬಿತ್ತು, ಎರಡನೆಯದು ಮೊಣಕಾಲಿಗೆ. ಮೂರನೆಯದನ್ನು ಎಣಿಸಲು ಮನೋಹರ ನಿಲ್ಲಲಿಲ್ಲ. ಅರ್ಧ ಧೋತರ ಜಾಲಿಮುಳ್ಳಿನಲ್ಲೇ ಉಳಿಯಿತು.

ಹನ್ನೊಂದಕ್ಕೆ ಅವನು ಕುಂಟುತ್ತ ಕಚೇರಿಗೆ ಬಂದ.

"ಬರೀರಿ ಅರುಣಾ. ಅಜ್ಜ ಅದಾನ. ಖರೇನ ಅದಾನ. ನನಗ ಆ ಜಾಗ ಬ್ಯಾಡ, ಗುತ್ತಲ ರೋಡಿಗೆ ಬ್ಯಾರೆ ನೋಡ್ತೇನಿ." ನೀರು ಕುಡಿದು ಸುಧಾರಿಸಿಕೊಂಡ. "ಅಲ್ರಿ, ನೀವು ಬಿ.ಎ. ಓದಿದಾಕಿ. ನೀವೂ ಅಜ್ಜನ ಹತ್ರ ಹೋಗ್ತೀರೇನು?"

"ದಿನಾ ರೀ," ಎಂದಳು ಅರುಣಾ, ನೋಯುತ್ತಿದ್ದ ಬಲಭುಜವನ್ನು ಎಡಗೈಯಿಂದ ತಿಕ್ಕುತ್ತ.

"ನಿಮ್ಮನ್ನೇನೂ ಮಾಡೂದಿಲ್ಲ?"

"ಹೆಣ್ಮಕ್ಕಳನ್ನ ಏನೂ ಮಾಡೂದಿಲ್ರಿ."

ಅವನು ಹೋದ ಮೇಲೆ ಅವಳು ದುಂಡಗಿನ ಅಕ್ಷರಗಳಲ್ಲಿ ವರದಿ ಮುಗಿಸಿದಳು: 'ಸದರಿ ಸ್ಥಳಕ್ಕೆ ಗ್ರಾಮದ ಸಮಸ್ತ ಮಹಿಳೆಯರು ಪ್ರತಿದಿನ ತಪ್ಪದೆ ಹೋಗಿ ಬರುತ್ತಾರೆ. ಜಾಲಿಕಂಟಿ ಸಹಿತ ಯಥಾಸ್ಥಿತಿ ಕಾಯ್ದುಕೊಳ್ಳುವುದು ಅತ್ಯವಶ್ಯ.' ಕೆಳಗೆ ಸಹಿ, ತಾರೀಖು, ಇಸವಿ ೨೦೦೪. ಸಾಹೇಬರು ಓದದೆಯೇ ಮುದ್ರೆ ಒತ್ತಿದರು.

ಮರುದಿನ ನಸುಕಿನಲ್ಲಿ ಹೊಳಿಯವ್ವ ಬಂದು ಬಾಗಿಲು ಬಡಿದಳು. ಒಂದು ಮನೆಗೂ ಪಾಯಖಾನೆ ಇಲ್ಲದ ಆ ಊರಿನ ಹೆಂಗಸರ ಸಾಲಿನಲ್ಲಿ ಅರುಣಾಳೂ ತುಂಬಿದ ತಂಬಿಗೆ ಹಿಡಿದು, ಚೀನಿ ಅಜ್ಜನ ಜಾಲಿಕಂಟಿಯ ಮರೆಗೆ ನಡೆದಳು.