ಮೂಲೆಯ ಜೋಡಿ ಮಗ್ಗ

ಪೂರ್ಣಿಮಾ ಮೇಡಂ ಪೆನ್ನು ತೋರಿಸುತ್ತ ಎಣಿಸಿದರು: ಒಂಬತ್ತು. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಇನ್ನೊಮ್ಮೆ ಎಣಿಸಿಕೊಂಡು ಬಂದರು. ಆಗಲೂ ಒಂಬತ್ತೇ ನೇಕಾರರು. ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳೂ ಅಷ್ಟೇ. ಮಾಲೀಕ ಗೌರೀಶ ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟ. ರಬಕವಿಯ ಆ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಇವನು ಉಸಿರು ಬಿಟ್ಟದ್ದು ಯಾರಿಗೆ ಕೇಳಬೇಕು?

ಹತ್ತು ಮಂದಿ ಇದ್ದರೆ ಕಾರ್ಮಿಕರ ವಿಮೆಯ ಕಾಯ್ದೆ ಶೆಡ್ಡಿನ ಒಳಗೆ ಬರುತ್ತದೆ, ಒಂಬತ್ತಾದರೆ ಹೊಸ್ತಿಲಾಚೆಗೇ ನಿಲ್ಲುತ್ತದೆ. ಇದು ಚೆನ್ನಾಗಿ ಗೊತ್ತಿದ್ದ ಗೌರೀಶ ಬಸಗೊಂಡಪ್ಪನಿಂದ ಹದಿನಾಲ್ಕು ವರ್ಷ ಸೀರೆ ನೇಯಿಸಿದ, ಹೆಸರು ಮಾತ್ರ ಪುಸ್ತಕದಲ್ಲಿ ಬರೆಯಲಿಲ್ಲ. ಎರಡು ತಿಂಗಳ ಹಿಂದೆ ಮೂಲೆಯ ಜೋಡಿ ಮಗ್ಗದ ನಡುವೆ ಕರೆಂಟು ಹೊಡೆದು ಬಸಗೊಂಡಪ್ಪ ಸತ್ತ. ಅಂದಿನಿಂದ ಆ ಎರಡು ಮಗ್ಗಗಳ ಮೋಟಾರು ಬಿಚ್ಚಿ ನೆಲದ ಮೇಲಿಟ್ಟಿದ್ದಾರೆ. ಅರ್ಧ ನೇಯ್ದ ಸೀರೆ ಹಾಗೆಯೇ ಇದೆ, ಅದನ್ನು ಮುಟ್ಟಲು ಯಾರೂ ಒಪ್ಪಿಲ್ಲ. ಗಂಡ ಹೋದ ಮೇಲೆ ಶಿವವ್ವ ಪಿಂಚಣಿಗೆ ಅರ್ಜಿ ಹಾಕಿದ್ದಳು. ಅದರ ತನಿಖೆಗೇ ವಿಮಾ ಕಚೇರಿಯಿಂದ ಈ ಮೇಡಂ ಬಂದಿದ್ದರು.

"ಹಂಗಂದ್ರ ಬಸಗೊಂಡಪ್ಪ ನಿಮ್ಮ ನೇಕಾರ ಅಲ್ಲ?" ಬಾಗಿಲ ಬಳಿ ಬಂದು ಮೇಡಂ ಕೇಳಿದರು.

"ಅಲ್ರಿ. ಯಾರ್ನೋ ಮಾತಾಡ್ಸಾಕ ಬಂದಿದ್ದ, ವಾಯರ್ ಮುಟ್ಟಿಬಿಟ್ಟ. ಓಣ್ಯಾಂವ ಅಂತ ಮಣ್ಣಿನ ಖರ್ಚು ನಾನ ಕೊಟ್ಟೀನ್ರಿ. ಆಕಿಗೆ ಇಲ್ಲೆ ಚಾ ಮಾರಾಕ ಬಿಟ್ಟೀನಿ. ಇನ್ನೇನ ಮಾಡ್ಲಿ ಹೇಳ್ರಿ."

"ಅದು ನಿಮ್ಮ ದೊಡ್ಡ ಮನಸ್ರಿ. ಆದ್ರ ದುಡಿಯೋ ಕೈ ಹೋದಮ್ಯಾಲೆ ಆ ಮನಿ ಯಾರ ದೊಡ್ಡ ಮನಸ್ಸಿನ ಹಾದೀನೂ ಕಾಯಬಾರ್ದು ಅಂತನ ಈ ಕಾಯ್ದೆ ಮಾಡ್ಯಾರ. ಅವ್ರಿಗೆ ಬರೂದು ಹಕ್ಕಿಲೆ ಬರಬೇಕು. ಹೋದ ಒಂದ ವರ್ಷದಾಗ ಒಂದ ದಿನ ಹತ್ತನೇಯವ ಇಲ್ಲಿ ದುಡದಿದ್ದ ಅಂತ ಗೊತ್ತಾದ್ರ ಸಾಕಿತ್ತು."

ಮೇಡಂ ಒಬ್ಬೊಬ್ಬ ನೇಕಾರನ ಬಳಿಯೂ ಹೋಗಿ ಕೇಳಿದ್ದರು. ನಾಳೆಯೂ ಇದೇ ಶೆಡ್ಡಿನಲ್ಲಿ ನೇಯಬೇಕಾದ ಆ ಒಂಬತ್ತು ಮಂದಿ, ಹರಿದ ಎಳೆ ಗಂಟು ಹಾಕುವ ನೆಪದಲ್ಲಿ ತಲೆ ಎತ್ತಿರಲಿಲ್ಲ. ಅವರನ್ನು ಬೈದು ಏನು ಮಾಡುವುದು, ಹೊಟ್ಟೆ ಎಲ್ಲರಿಗೂ ಇದೆ.

ಹತ್ತು ಗಂಟೆಗೆ ಸರಿಯಾಗಿ ಶಿವವ್ವ ಚಾದ ಕಿಟ್ಲಿ ಹಿಡಿದುಕೊಂಡು ಬಂದಳು. ಮೇಡಂ ಕಡೆಗೆ ಒಮ್ಮೆ ನೋಡಿದಳು, ಅವರು ಕಣ್ಣು ತಪ್ಪಿಸಿದರು. ಗೌರೀಶ ಎಂದಿನಂತೆ ದೀಪವನ್ನು ಎರಡು ಸಲ ಆರಿಸಿ ಹಚ್ಚಿದ. ಕೂಗಿದರೆ ಕೇಳದ ಜಾಗದಲ್ಲಿ ಚಾ ಬಂತೆಂದು ಹೇಳುವ ರೀತಿಯೇ ಅದು. ನೇಕಾರರು ಒಬ್ಬೊಬ್ಬರಾಗಿ ತಮ್ಮ ಮಗ್ಗ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು.

ಮೇಡಂ ನೂಲಿನ ಚೀಲದ ಮೇಲೆ ಕಾಗದ ಇಟ್ಟರು. "ಒಂಬತ್ತು ಅಂತ ಬರದೀನ್ರಿ. ಇಲ್ಲೆ ಸಹಿ ಮಾಡ್ರಿ."

ಗೌರೀಶ ಬಗ್ಗಿ ಪೆನ್ನು ಊರಿದ. ಖಟಾಖಟ್, ಖಟಾಖಟ್ ಎಂದು ಒಂದು ಜೋಡಿ ಮಗ್ಗ ಇನ್ನೂ ಓಡುತ್ತಲೇ ಇತ್ತು. ದಿನಾ ಇದೇ ಕಾಟ. ಎಲ್ಲರೂ ಚಾಕ್ಕೆ ಬಂದರೂ ಇನ್ನು ನಾಲ್ಕು ಬೆರಳು ನೇಯ್ದೇ ಏಳುತ್ತೇನೆನ್ನುವ ಹಟ. ಕಣ್ಣು ಕಾಗದದ ಮೇಲಿದ್ದಂತೆಯೇ ಗೌರೀಶ ಬೇಸರದಿಂದ ಕೂಗಿದ:

"ಲೇ ಬಸಗೊಂಡ, ಸಾಕ ಬಿಡಲೇ. ಎಲ್ಲಾರೂ ಬಂದ್ ಮಾಡ್ಯಾರ, ನಿಂದೊಂದು ದಿನಾ ಇದ ಆತು. ಚಾ ಆರ್ತೈತಿ, ಬಾ."

ಸದ್ದು ನಿಂತಿತು.

ಅವನ ಪೆನ್ನೂ ಅರ್ಧ ಹೆಸರಿಗೆ ನಿಂತಿತು. ತಲೆ ಎತ್ತಿದರೆ ಒಂಬತ್ತೂ ಮಂದಿ ಎದುರಿಗೆ ನಿಂತು ಅವನನ್ನೇ ನೋಡುತ್ತಿದ್ದಾರೆ.

"ಯಾರಿಗೆ ಕರದ್ರಿ?" ಮೇಡಂ ಕೇಳಿದರು.

"ಅಲ್ರಿ, ಆ ಮೂಲ್ಯಾಗ ಮಗ್ಗ ನಡದಿತ್ತಲ್ಲ..."

"ನನಗೇನೂ ಕೇಳಸಲಿಲ್ರಿ. ಎಲ್ಲಾ ಬಂದ್ ಆಗಿ ಆಗಳೇ ಆತು."

ಶಿವವ್ವ ಗ್ಲಾಸು ತುಂಬುವುದನ್ನು ನಿಲ್ಲಿಸಿರಲಿಲ್ಲ. "ಹದಿನಾಕ ವರ್ಷ ದಿನಾ ಹಿಂಗ ಕರೀತಿದ್ರು ಮೇಡಂರಿ," ಎಂದಳು. "ಇದ ಮಾತು. ಮನಿಗೆ ಬಂದು ನಮ್ಮವ್ರು ನನ್ನ ಮುಂದ ಮಾಲಕರಂಗ ಮಾತಾಡಿ ತೋರ್ಸಿ ನಗತಿದ್ರು."

ಗುಂಪಿನಲ್ಲಿ ಒಬ್ಬ ಕೆಮ್ಮಿದ. "ಖರೆ ಐತ್ರಿ. ಹತ್ತನೇಯಾಂವ ಅಂವನ ಇದ್ದ." ಆಮೇಲೆ ಇನ್ನೊಬ್ಬ ಹೌದೆಂದ, ಮತ್ತೊಬ್ಬನೂ ಹೌದೆಂದ. ಗೌರೀಶನಿಗೆ ಯಾರು ಏನೆಂದರೆಂಬುದರ ಕಡೆ ಲಕ್ಷ್ಯವೇ ಇರಲಿಲ್ಲ. ಮೇಡಂ ಅವನ ಕೈಕೆಳಗಿನಿಂದ ಕಾಗದ ಎಳೆದುಕೊಂಡು ಒಂಬತ್ತನ್ನು ಹೊಡೆದುಹಾಕಿದರು.

ಶಿವವ್ವ ಹತ್ತನೆಯ ಗ್ಲಾಸು ತುಂಬಿಕೊಂಡು ಮೂಲೆಗೆ ಹೋಗಿ ಆ ಮಗ್ಗದ ಮರದ ಪಟ್ಟಿಯ ಮೇಲಿಟ್ಟು ಬಂದಳು. ಗೌರೀಶನ ಕಣ್ಣು ಅವಳ ಹಿಂದೆಯೇ ಹೋಯಿತು. ಮೋಟಾರು ನೆಲದ ಮೇಲೆ ಧೂಳು ಹಿಡಿದು ಬಿದ್ದಿತ್ತು. ಮೇಲೆ, ಅರ್ಧ ನೇಯ್ದ ಸೀರೆಯ ಮುಂದೆ, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳು ಇನ್ನೂ ನಡುಗುತ್ತಿದ್ದವು.