ಮಹಾತಾಯಿಗೆ ಮೌನ

“ಕಾಡಲ್ಲಿ ತಾಯಿ ಬದುಕಿ ಉಳಿದ್ರೆ ಓದೋರು ಯಾಕ್ರೀ ಅಳ್ತಾರೆ? ಸಾಯಿಸಿ,” ಎಂದರು ಪ್ರಕಾಶಕರು.

ಹಸಿದ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕಾಡು ದಾಟಿದ್ದ ತನ್ನ ತಾಯಿಯನ್ನು ಲೇಖಕ ಕಾದಂಬರಿಯಲ್ಲಿ ಕೊಂದ. ಮುಖಪುಟದ ಮೇಲೆ ‘ನನ್ನದೇ ಬದುಕು’ ಎಂದೂ ಹಾಕಿಸಿದ.

ಬಿಡುಗಡೆಯ ದಿನ ಅಧ್ಯಕ್ಷರು ಭಾಷಣದ ನಡುವೆ ಗಳಗಳನೆ ಅತ್ತರು. “ಆ ಮಹಾತಾಯಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ.”

ಸಭೆ ಎದ್ದಿತು. ಕೊನೆಯ ಸಾಲಿನಲ್ಲಿದ್ದ, ಓದು ಬಾರದ ಮುದುಕಿಯೂ ಮಂಡಿ ಹಿಡಿದುಕೊಂಡು ಎದ್ದಳು.

“ಯಾರು ತೀರ್ಕೊಂಡ್ರವ್ವಾ?” ಎಂದು ಪಕ್ಕದವಳನ್ನು ಕೇಳಿದಳು.

“ಲೇಖಕರ ತಾಯಿ. ಮಗನ್ನ ಉಳಿಸಿ ಕಾಡಲ್ಲೇ ಹೋಗ್ಬಿಟ್ರಂತೆ, ಪಾಪ.”

ಮುದುಕಿ ವೇದಿಕೆಯತ್ತ ನೋಡಿದಳು. ಅಲ್ಲಿದ್ದ ಮಗ ಅವಳನ್ನು ಕಂಡು, ಕಣ್ಣು ಮುಚ್ಚಿ, ತಲೆಯನ್ನು ಇನ್ನಷ್ಟು ತಗ್ಗಿಸಿದ.